ಸಿಡಿಲಿನ ನಂತರ ಆಫ್‌ಲೈನ್ ಆದ ಪ್ರಿಂಟರ್: ತೋಟದ ಮನೆಯೊಂದರ ವೈಫೈ ಪ್ರಕರಣ

ದಕ್ಷಿಣ ಕನ್ನಡದ ಪುತ್ತೂರು ತಾಲೂಕಿನ ಒಂದು ಅಡಿಕೆ ತೋಟದ ಮನೆಯಲ್ಲಿ ವರ್ಷಗಟ್ಟಲೆ ತಕರಾರಿಲ್ಲದೆ ನಡೆಯುತ್ತಿದ್ದ ವೈಫೈ ಪ್ರಿಂಟರ್, ಮಳೆಗಾಲಕ್ಕೆ ಮುಂಚಿನ ಸಿಡಿಲಿಗೆ ರೂಟರ್ ಸುಟ್ಟು ಅದರ ಜಾಗಕ್ಕೆ ಹೊಸದು ಬಂದ ದಿನದಿಂದ ಮುದ್ರಣ ನಿಲ್ಲಿಸಿತು. ಲ್ಯಾಪ್‌ಟಾಪಿನ ಪರದೆಯಲ್ಲಿ ಪ್ರಿಂಟರಿನ ಹೆಸರಿನ ಕೆಳಗೆ ‘ಆಫ್‌ಲೈನ್’ ಎಂಬ ಒಂದೇ ಪದ ಕಾಣುತ್ತಿತ್ತು. ಆ ಪದದ ಹಿಂದೆ ಒಂದರ ಕೆಳಗೊಂದರಂತೆ ಮೂರು ಬೇರೆ ಬೇರೆ ದೋಷಗಳಿದ್ದವು. ಒಂದನ್ನು ಸರಿಪಡಿಸಿದಾಗ ಇನ್ನೊಂದು ಅದೇ ಪದವನ್ನು ಮುಂದಿಟ್ಟುಕೊಂಡು ನಿಲ್ಲುತ್ತಿತ್ತು. ಹೀಗಾಗಿ ಮನೆಯವರಿಗೆ ‘ಏನು ಮಾಡಿದರೂ ಸರಿಯಾಗುವುದಿಲ್ಲ’ ಎನಿಸಿದ್ದು ಸಹಜವೇ. ಈ ಪ್ರಕರಣವನ್ನು ವಿವರವಾಗಿ ಬರೆಯಲು ಅದೇ ಕಾರಣ.

ಈ ಮನೆಗೆ ಪ್ರಿಂಟರ್ ಅಲಂಕಾರದ ವಸ್ತುವಲ್ಲ. ಮನೆಯಾಕೆ ಹೈಸ್ಕೂಲು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಾರೆ. ವಾರವಾರ ಅಭ್ಯಾಸದ ಹಾಳೆಗಳನ್ನು ತಾವೇ ಟೈಪ್ ಮಾಡಿ ಮುದ್ರಿಸುತ್ತಾರೆ. ಪಹಣಿಯ ಪ್ರತಿ, ಅಡಿಕೆ ಮಾರಾಟದ ಲೆಕ್ಕ, ಆಧಾರ್ ನಕಲು ಇವೆಲ್ಲಕ್ಕೂ ಅದೇ ಯಂತ್ರ. ಜೆರಾಕ್ಸ್ ಅಂಗಡಿಗೆ ಹೋಗಬೇಕೆಂದರೆ ತೋಟದ ಮಣ್ಣುರಸ್ತೆ ಇಳಿದು, ಬಸ್ಸು ಹಿಡಿದು, ಪೇಟೆ ಮುಟ್ಟಬೇಕು. ನಗರದಲ್ಲಿ ಕುಳಿತು ‘ಹೊರಗೆ ಪ್ರಿಂಟ್ ಹಾಕಿಸಿದರಾಯಿತು’ ಎನ್ನುವವರಿಗೆ ಈ ವ್ಯತ್ಯಾಸ ಹೊಳೆಯುವುದಿಲ್ಲ.

ಹಿನ್ನೆಲೆ

ಪ್ರಿಂಟರ್ 2017ರಲ್ಲಿ ಕೊಂಡ ಇಂಕ್ ಟ್ಯಾಂಕ್ ಮಾದರಿಯದು. ಅದಕ್ಕೆ ಪರದೆಯಿಲ್ಲ, ಕೆಲವು ಗುಂಡಿಗಳು ಮತ್ತು ದೀಪಗಳಷ್ಟೇ ಇವೆ. ವೈಫೈ 2.4 ಗಿಗಾಹರ್ಟ್ಸ್ ಎಂಬ ಅಲೆಗಳ ಪಟ್ಟಿಯಲ್ಲಿ (ಬ್ಯಾಂಡ್) ಮಾತ್ರ. ಹಳೆಯ ರೂಟರ್ ಕೂಡ 2.4 ಗಿಗಾಹರ್ಟ್ಸ್‌ನದೇ ಆಗಿತ್ತು. ಮನೆಗೆ ಬರುವ ಇಂಟರ್ನೆಟ್ ಫೈಬರಿನದು. ಫೈಬರ್ ಗಾಜಿನ ಎಳೆಯಾದ್ದರಿಂದ ಅದರೊಳಗೆ ಸಿಡಿಲಿನ ವಿದ್ಯುತ್ ಹರಿಯುವುದಿಲ್ಲ. ಆದರೆ ರೂಟರಿನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲಿರುತ್ತದೆ, ಸಿಡಿಲಿನ ಹೊಡೆತ ವಿದ್ಯುತ್ ತಂತಿಯ ದಾರಿಯಲ್ಲೇ ಒಳಬರುತ್ತದೆ. ಇಲ್ಲಿಯೂ ಅದೇ ಆಗಿತ್ತು. ಇಂಟರ್ನೆಟ್ ಸೇವೆ ಕೊಡುವ ಸಂಸ್ಥೆಯ ತಂತ್ರಜ್ಞರು ಬಂದು, 2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ಕೆಲಸ ಮಾಡುವ ಹೊಸ ರೂಟರ್ ಪೆಟ್ಟಿಗೆಯನ್ನು ಕೂರಿಸಿದರು.

ಅವರು ಒಂದು ಜಾಣತನದ ಕೆಲಸ ಮಾಡಿದ್ದರು. ಹಳೆಯ ವೈಫೈ ಹೆಸರನ್ನೂ ಪಾಸ್‌ವರ್ಡನ್ನೂ ಅಕ್ಷರಶಃ ಹೊಸ ಪೆಟ್ಟಿಗೆಗೆ ಹಾಕಿದ್ದರಿಂದ ಮನೆಯ ಫೋನುಗಳು, ಟಿವಿ, ಲ್ಯಾಪ್‌ಟಾಪ್ ಎಲ್ಲವೂ ತಾವಾಗಿಯೇ ಸೇರಿಕೊಂಡವು. ಪ್ರಿಂಟರ್ ಒಂದೇ ಹೊರಗುಳಿಯಿತು. ತನಿಖೆಯ ದೃಷ್ಟಿಯಿಂದ ಇದು ಬಹಳ ಬೆಲೆಯುಳ್ಳ ಸುಳಿವು: ಹೆಸರು ಅದೇ, ಪಾಸ್‌ವರ್ಡ್ ಅದೇ, ಅವೆರಡೂ ಪ್ರಿಂಟರಿನ ನೆನಪಿನಲ್ಲಿ ಮೊದಲೇ ಇವೆ, ಆದರೂ ಅದು ಸೇರುತ್ತಿಲ್ಲವೆಂದರೆ ತೊಂದರೆ ಪಾಸ್‌ವರ್ಡಿನದಲ್ಲ.

ತಂತ್ರಜ್ಞರು ಪ್ರಿಂಟರಿನ ಮತ್ತು ಪೆಟ್ಟಿಗೆಯ ಡಬ್ಲ್ಯುಪಿಎಸ್ ಗುಂಡಿಗಳನ್ನೂ (ಪಾಸ್‌ವರ್ಡ್ ಬರೆಯದೆ ಉಪಕರಣವನ್ನು ವೈಫೈಗೆ ಸೇರಿಸುವ ಗುಂಡಿಗಳು) ಒತ್ತಿ ನೋಡಿದ್ದರು; ದೀಪ ಮಿನುಗಿ ಕೊನೆಗೆ ದೋಷದ ಬಣ್ಣಕ್ಕೆ ತಿರುಗಿತ್ತು. ಆಮೇಲೆ ಮನೆಯವರು ದೂರವಾಣಿಯ ಸಲಹೆಯಂತೆ ಲ್ಯಾಪ್‌ಟಾಪಿನಲ್ಲಿದ್ದ ಪ್ರಿಂಟರ್ ಡ್ರೈವರನ್ನು (ಪ್ರಿಂಟರನ್ನು ನಡೆಸುವ ತಂತ್ರಾಂಶ) ತೆಗೆದು ಮತ್ತೆ ಹಾಕಲು ಹೊರಟಿದ್ದರು. ಹಾಕುವ ಕಾರ್ಯಕ್ರಮ ಪ್ರಿಂಟರನ್ನು ಹುಡುಕುತ್ತಲೇ ಉಳಿದು ಮುಗಿಯದಿದ್ದರಿಂದ ಹಳೆಯದನ್ನೇ ಉಳಿಸಿಕೊಂಡರು. ಅದು ಒಳ್ಳೆಯದೇ ಆಯಿತು. ಡ್ರೈವರ್ ತೆಗೆದುಹಾಕುವ ಸಲಹೆ ಎಲ್ಲೆಡೆ ಮೊದಲ ಮದ್ದಾಗಿ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯದಾಗಿರಬೇಕು. ಪ್ರಿಂಟರ್ ವೈಫೈಯನ್ನೇ ಸೇರದಿರುವಾಗ ಲ್ಯಾಪ್‌ಟಾಪಿನಲ್ಲಿ ಏನು ಬದಲಿಸಿದರೂ ಫಲವಿಲ್ಲ. ಅದಕ್ಕಿಂತ ಹೆಚ್ಚಾಗಿ, ಲ್ಯಾಪ್‌ಟಾಪ್ ಹಿಂದೆ ಯಾವ ವಿಳಾಸಕ್ಕೆ ಕಡತ ಕಳಿಸುತ್ತಿತ್ತು ಎಂಬ ದಾಖಲೆ ಆ ಹಳೆಯ ಸೆಟ್ಟಿಂಗಿನಲ್ಲೇ ಇರುತ್ತದೆ, ತೆಗೆದರೆ ಅದೂ ಹೋಗುತ್ತದೆ.

ಪ್ರಿಂಟರ್ ಮತ್ತು ಪೆಟ್ಟಿಗೆಯ ನಡುವೆ

ತನಿಖೆಗೆ ಕೈಹಾಕಿದ ನಾವು ಮೊದಲು ಯುಎಸ್‌ಬಿ ಕೇಬಲ್ ಜೋಡಿಸಿ ಒಂದು ಪುಟ ಮುದ್ರಿಸಿದೆವು. ಪುಟ ಸ್ವಚ್ಛವಾಗಿ ಬಂತು. ಶಾಯಿ, ಹೆಡ್, ಕಾಗದ ಎಳೆಯುವ ರೋಲರ್, ಲ್ಯಾಪ್‌ಟಾಪಿನ ಡ್ರೈವರ್ ಇಷ್ಟೂ ಸಂಶಯದ ಪಟ್ಟಿಯಿಂದ ಒಂದೇ ಹಾಳೆಯಲ್ಲಿ ಹೊರಬಿದ್ದವು. ಇನ್ನು ಉಳಿದದ್ದು ಗಾಳಿಯ ದಾರಿ.

ಪರದೆಯಿಲ್ಲದ ಪ್ರಿಂಟರಿಗೂ ತನ್ನ ಸ್ಥಿತಿಯನ್ನು ಹೇಳಿಕೊಳ್ಳುವ ಒಂದು ವಿಧಾನವಿದೆ: ನೆಟ್‌ವರ್ಕ್ ವರದಿಯ ಪುಟ. ಇದನ್ನು ಮುದ್ರಿಸಲು ಒತ್ತಬೇಕಾದ ಗುಂಡಿ ಮಾದರಿಯಿಂದ ಮಾದರಿಗೆ ಬೇರೆ. ಕೈಪಿಡಿಯಲ್ಲಿ ಖಂಡಿತ ಇರುತ್ತದೆ. ಬಹುತೇಕ ಮನೆಗಳಲ್ಲಿ ಈ ಪುಟವನ್ನು ಯಾರೂ ಒಮ್ಮೆಯೂ ಮುದ್ರಿಸಿರುವುದಿಲ್ಲ, ಆದರೆ ವೈಫೈ ಪ್ರಿಂಟರಿನ ಯಾವುದೇ ತನಿಖೆ ಇಲ್ಲಿಂದಲೇ ಶುರುವಾಗಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಲ್ಯಾಪ್‌ಟಾಪ್ ತೋರಿಸುವ ‘ಆಫ್‌ಲೈನ್’ ದೂರದಿಂದ ಮಾಡಿದ ಊಹೆ. ಈ ಹಾಳೆ ಪ್ರಿಂಟರಿನದೇ ಹೇಳಿಕೆ.

ನಮಗೆ ಸಿಕ್ಕ ಹಾಳೆಯಲ್ಲಿ ಮೇಲ್ಭಾಗದಲ್ಲಿ ಪರೀಕ್ಷೆಗಳ ಸಾಲು, ಪ್ರತಿಯೊಂದರ ಎದುರು ಸರಿ ಅಥವಾ ತಪ್ಪು ಎಂಬ ಗುರುತು ಇತ್ತು. ಮನೆಯ ವೈಫೈ ಹೆಸರು ಕಂಡಿದೆಯೇ ಎಂಬುದಕ್ಕೆ ‘ಸರಿ’. ಸಿಗ್ನಲ್ ಬಲಕ್ಕೆ ‘ಉತ್ತಮ’. ಭದ್ರತಾ ವಿಧಾನ ಎಂಬ ಸಾಲಿನಲ್ಲಿ ‘ಹೊಂದಿಕೆಯಾಗಿಲ್ಲ’. ಅದರ ಕೆಳಗಿನ ಪರೀಕ್ಷೆಗಳನ್ನು ಪ್ರಿಂಟರ್ ನಡೆಸಿಯೇ ಇರಲಿಲ್ಲ. ಐಪಿ ವಿಳಾಸದ (ಜಾಲದಲ್ಲಿ ಉಪಕರಣವನ್ನು ಗುರುತಿಸುವ ಸಂಖ್ಯೆ) ಜಾಗದಲ್ಲಿ 169.254 ಎಂದು ಶುರುವಾಗುವ ಸಂಖ್ಯೆಯಿತ್ತು. ಈ ಸಂಖ್ಯೆಯನ್ನು ಎಲ್ಲಿ ಕಂಡರೂ ಅರ್ಥ ಒಂದೇ: ವಿಳಾಸ ಕೊಡುವವರು ಯಾರೂ ಸಿಗಲಿಲ್ಲವೆಂದು ಉಪಕರಣವು ತಾನೇ ಒಂದನ್ನು ಇಟ್ಟುಕೊಂಡಿದೆ, ಅಂದರೆ ರೂಟರಿನಿಂದ ಅದಕ್ಕೆ ವಿಳಾಸ ಸಿಕ್ಕಿಲ್ಲ.

ಈ ಒಂದು ಹಾಳೆ ಹಲವು ಊಹೆಗಳನ್ನು ಅಲ್ಲೇ ಮುಗಿಸಿತು. ಮನೆಯ ಯಜಮಾನರಿಗೆ ಗೋಡೆಗಳ ಮೇಲೆ ಸಂಶಯವಿತ್ತು. ಕರಾವಳಿಯ ಹಳೆಯ ಮನೆಗಳಂತೆ ಇದೂ ಮುರಕಲ್ಲಿನದು. ದಪ್ಪ ಗೋಡೆ, ಮಳೆಗಾಲದಲ್ಲಿ ತೇವ ಹೀರಿಕೊಳ್ಳುವ ಕಲ್ಲು. ಇಂಥ ಗೋಡೆ ವೈಫೈ ಸಿಗ್ನಲನ್ನು ತಿನ್ನುವುದು ನಿಜ, ಅದರಲ್ಲೂ 5 ಗಿಗಾಹರ್ಟ್ಸ್ ಅಲೆಗಳು 2.4ರ ಅಲೆಗಳಿಗಿಂತ ಬೇಗ ಸೊರಗುತ್ತವೆ. ಆದ್ದರಿಂದ ಸಂಶಯವನ್ನು ಬಾಯಿಮಾತಿನಲ್ಲಿ ತಳ್ಳಿಹಾಕದೆ, ಪ್ರಿಂಟರಿನ ಪಕ್ಕದಲ್ಲೇ ಫೋನ್ ಇಟ್ಟು ಸಿಗ್ನಲ್ ಅಳೆಯುವ ಆ್ಯಪ್‌ನಲ್ಲಿ 2.4 ಗಿಗಾಹರ್ಟ್ಸ್‌ನ ಬಲ ನೋಡಿದೆವು: ಮೈನಸ್ 60 ಡಿಬಿಎಂ ಆಸುಪಾಸು. ಈ ಅಳತೆಯಲ್ಲಿ ಸಂಖ್ಯೆ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಗಟ್ಟಿ. ಮೈನಸ್ 67ರವರೆಗೆ ಚೆನ್ನಾಗಿಯೇ ನಡೆಯುತ್ತದೆ, ಮೈನಸ್ 80ರ ಹತ್ತಿರ ಬಂದರೆ ಸಂಪರ್ಕ ಕಡಿದುಹೋಗತೊಡಗುತ್ತದೆ. ಗೋಡೆ ನಿರಪರಾಧಿ ಎಂದಾಯಿತು.

ಚಾನೆಲ್ಲಿನ, ಅಂದರೆ ಬ್ಯಾಂಡಿನೊಳಗಿನ ಉಪವಿಭಾಗದ, ಪ್ರಶ್ನೆಯೂ ಬಂದಿತ್ತು. 2.4 ಗಿಗಾಹರ್ಟ್ಸ್‌ನಲ್ಲಿ ಭಾರತದಲ್ಲಿ 1ರಿಂದ 13ರವರೆಗೆ ಚಾನೆಲ್‌ಗಳಿವೆ. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಉಪಕರಣಗಳು ಸಾಮಾನ್ಯವಾಗಿ 11ರ ಆಚೆ ನೋಡುವುದಿಲ್ಲ. ವಿದೇಶದಿಂದ ತಂದ ಪ್ರಿಂಟರಾಗಿದ್ದು ಪೆಟ್ಟಿಗೆ ತಾನಾಗಿ 12 ಅಥವಾ 13ನ್ನು ಆರಿಸಿಕೊಂಡಿದ್ದರೆ ಅದಕ್ಕೆ ಮನೆಯ ವೈಫೈ ಕಾಣಿಸುತ್ತಲೇ ಇರಲಿಲ್ಲ. ಇಲ್ಲಿ ಹೆಸರು ಕಂಡಿದೆ ಎಂದು ಪ್ರಿಂಟರೇ ಹೇಳಿತ್ತು. ಅಕ್ಕಪಕ್ಕದಲ್ಲಿ ಬೇರೆ ಮನೆಯ ವೈಫೈ ಇಲ್ಲದ ತೋಟದಲ್ಲಿ ಚಾನೆಲ್‌ಗಳ ದಟ್ಟಣೆಯ ಮಾತೂ ಇಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಾಗಿದ್ದರೆ ಅದನ್ನು ಮೊದಲೇ ನೋಡಬೇಕಾಗುತ್ತಿತ್ತು.

ಉಳಿದದ್ದು ಭದ್ರತಾ ವಿಧಾನ. ಮನೆಯ ವೈಫೈಗೆ 2004ರಿಂದ ಬಳಕೆಯಲ್ಲಿರುವುದು ಡಬ್ಲ್ಯುಪಿಎ2. ಅದರ ಮುಂದಿನ ಪೀಳಿಗೆಯಾದ ಡಬ್ಲ್ಯುಪಿಎ3 ಬಂದದ್ದು 2018ರಲ್ಲಿ. ಹೊಸ ವಿಧಾನದಲ್ಲಿ ಪಾಸ್‌ವರ್ಡನ್ನು ಪರಸ್ಪರ ಖಾತ್ರಿಪಡಿಸಿಕೊಳ್ಳುವ ಕ್ರಮವೇ ಬೇರೆ. ಜೊತೆಗೆ, ಸಂಪರ್ಕವನ್ನು ನಿರ್ವಹಿಸುವ ಸಂದೇಶಗಳಿಗೂ ರಕ್ಷಣೆ ಕಡ್ಡಾಯ. ಹಳೆಯ ಮತ್ತು ಹೊಸ ಉಪಕರಣಗಳೆರಡನ್ನೂ ಸೇರಿಸಿಕೊಳ್ಳಲೆಂದು ಹೊಸ ಪೆಟ್ಟಿಗೆಗಳಲ್ಲಿ ಎರಡರ ಮಿಶ್ರ ವಿಧಾನವೂ ಇರುತ್ತದೆ. ಅದರಲ್ಲಿ ಪೆಟ್ಟಿಗೆಯು ‘ನನ್ನಲ್ಲಿ ಎರಡೂ ಇವೆ’ ಎಂದು ಸಾರುತ್ತದೆ, ಹಳೆಯ ಉಪಕರಣವು ತನಗೆ ಗೊತ್ತಿರುವುದನ್ನು ಆರಿಸಿಕೊಳ್ಳಬೇಕು. ಹೆಚ್ಚಿನವು ಆರಿಸಿಕೊಳ್ಳುತ್ತವೆ. ಕೆಲವು ಹಳೆಯ ಫರ್ಮ್‌ವೇರ್‌ಗಳು (ಉಪಕರಣದೊಳಗೇ ಇರುವ ತಂತ್ರಾಂಶ) ಮಾತ್ರ ಗುರುತಿಲ್ಲದ ಎರಡನೆಯ ಹೆಸರನ್ನು ಕಂಡು ಇಡೀ ಪ್ರಕಟಣೆಯನ್ನೇ ತಿರಸ್ಕರಿಸುತ್ತವೆ. 2017ರ ಪ್ರಿಂಟರ್, ಡಬ್ಲ್ಯುಪಿಎ3 ಹುಟ್ಟುವುದಕ್ಕೆ ಮೊದಲಿನದು.

ಪೆಟ್ಟಿಗೆಯ ನಿರ್ವಹಣಾ ಪುಟವನ್ನು ಬ್ರೌಸರಿನಲ್ಲಿ ತೆರೆದಾಗ ಅಲ್ಲಿ ಕಂಡದ್ದು ಇದೇ: ಎರಡೂ ಬ್ಯಾಂಡಿಗೆ ಒಂದೇ ಹೆಸರು, ಭದ್ರತೆ ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಮಿಶ್ರ. ಡಬ್ಲ್ಯುಪಿಎಸ್ ಗುಂಡಿ ಏಕೆ ಕೆಲಸ ಮಾಡಲಿಲ್ಲವೆಂಬುದಕ್ಕೂ ಉತ್ತರ ಅದೇ ಪುಟದಲ್ಲಿತ್ತು. ಡಬ್ಲ್ಯುಪಿಎ3ರಲ್ಲಿ ಡಬ್ಲ್ಯುಪಿಎಸ್‌ಗೆ ಜಾಗವಿಲ್ಲ, ಆದ್ದರಿಂದ ಮಿಶ್ರ ವಿಧಾನವನ್ನು ಆರಿಸಿದೊಡನೆ ಈ ಪೆಟ್ಟಿಗೆ ಅದನ್ನು ತಾನಾಗಿ ಮುಚ್ಚಿಬಿಡುತ್ತಿತ್ತು. ಹೊರಗಿನ ಗುಂಡಿ ಮಾತ್ರ ಹಾಗೇ ಇತ್ತು.

ಪ್ರಿಂಟರಿನ ಫರ್ಮ್‌ವೇರನ್ನು ಹೊಸದಾಗಿಸಿದರೆ ಸರಿಹೋಗಬಹುದೇ ಎಂದು ಯುಎಸ್‌ಬಿ ಮೂಲಕ ನೋಡಿದೆವು. ಆ ಮಾದರಿಗೆ ಅದಾಗಲೇ ಇದ್ದದ್ದೇ ಕೊನೆಯದು. ಹಾಗಾಗಿ ಬದಲಾವಣೆ ಪೆಟ್ಟಿಗೆಯಲ್ಲೇ ಆಗಬೇಕಿತ್ತು. 2.4 ಗಿಗಾಹರ್ಟ್ಸ್‌ನ ಭದ್ರತೆಯನ್ನು ಡಬ್ಲ್ಯುಪಿಎ2, ಎಇಎಸ್ (ಮಾಹಿತಿಯನ್ನು ಗೂಢಲಿಪಿಯಾಗಿಸುವ ಕ್ರಮ) ಎಂದಷ್ಟೇ ಮಾಡಿ, ಬೇರೆ ಯಾವುದನ್ನೂ ಮುಟ್ಟದೆ ಉಳಿಸಿದೆವು. ಪ್ರಿಂಟರನ್ನು ಆರಿಸಿ ಮತ್ತೆ ಹೊತ್ತಿಸಿದಾಗ ವೈಫೈ ದೀಪ ಸ್ವಲ್ಪ ಹೊತ್ತು ಮಿನುಗಿ ಸ್ಥಿರವಾಯಿತು. ಖಚಿತಪಡಿಸಿಕೊಳ್ಳಲು ಭದ್ರತೆಯನ್ನು ಮತ್ತೆ ಮಿಶ್ರಕ್ಕೆ ತಿರುಗಿಸಿದಾಗ ಪ್ರಿಂಟರ್ ಹೊರಬಿತ್ತು. ಡಬ್ಲ್ಯುಪಿಎ2ಕ್ಕೆ ತಂದಾಗ ಒಳಬಂತು. ಈ ಹಿಂದುಮುಂದಿನ ಪರೀಕ್ಷೆಗೆ ಸ್ವಲ್ಪ ಹೆಚ್ಚು ಸಮಯ ಹಿಡಿದರೂ ಅದನ್ನು ಬಿಡಬಾರದು. ಇಲ್ಲದಿದ್ದರೆ ಸರಿಹೋದದ್ದು ಸೆಟ್ಟಿಂಗಿನಿಂದಲೋ, ಆರಿಸಿ ಹೊತ್ತಿಸಿದ್ದರಿಂದಲೋ ತಿಳಿಯುವುದಿಲ್ಲ.

ಭದ್ರತೆಯನ್ನು ಇಳಿಸಿದಂತಾಗಲಿಲ್ಲವೇ ಎಂದು ಮನೆಯಾಕೆ ಕೇಳಿದರು, ಕೇಳಬೇಕಾದ ಪ್ರಶ್ನೆಯೇ. ಎಇಎಸ್ ಸಹಿತ ಡಬ್ಲ್ಯುಪಿಎ2, ಉದ್ದವಾದ, ಊಹಿಸಲಾಗದ ಪಾಸ್‌ವರ್ಡಿನೊಂದಿಗೆ ಮನೆಯ ಬಳಕೆಗೆ ಇಂದಿಗೂ ಸಾಕು. ಅವರ ಪಾಸ್‌ವರ್ಡ್ ಮನೆಯ ಹೆಸರಿನ ಮುಂದೆ ನಾಲ್ಕು ಅಂಕಿಗಳಿದ್ದ ಸುಲಭದ್ದಾಗಿತ್ತು, ನಿಜವಾದ ದೌರ್ಬಲ್ಯ ಅದೇ. ಆದ್ದರಿಂದ ಪಾಸ್‌ವರ್ಡನ್ನು ಗಟ್ಟಿ ಮಾಡಿ, 5 ಗಿಗಾಹರ್ಟ್ಸ್‌ನಲ್ಲಿ ಮಿಶ್ರ ಭದ್ರತೆಯನ್ನೇ ಉಳಿಸಿ, ಎರಡು ಬ್ಯಾಂಡುಗಳಿಗೆ ಬೇರೆ ಬೇರೆ ಹೆಸರು ಕೊಟ್ಟೆವು. ಫೋನು, ಲ್ಯಾಪ್‌ಟಾಪುಗಳು 5ಕ್ಕೆ, ಪ್ರಿಂಟರ್ ಮತ್ತು ಹಳೆಯ ಟಿವಿ 2.4ಕ್ಕೆ.

ಇಲ್ಲಿ ಒಂದು ಮಾತು. ಫೋನ್ 5ರಲ್ಲೂ ಪ್ರಿಂಟರ್ 2.4ರಲ್ಲೂ ಇದ್ದರೆ ಮುದ್ರಣ ಆಗುವುದಿಲ್ಲವೆಂಬ ನಂಬಿಕೆ ವ್ಯಾಪಕವಾಗಿದೆ. ಅದು ಸರಿಯಲ್ಲ. ಎರಡೂ ಒಂದೇ ಪೆಟ್ಟಿಗೆಯ ಒಂದೇ ಜಾಲದಲ್ಲಿದ್ದರೆ ಮಾತುಕತೆಗೆ ಅಡ್ಡಿಯಿಲ್ಲ. ಮೊದಲ ಸಲ ಜೋಡಿಸುವಾಗ ಮಾತ್ರ ಕೆಲವು ಆ್ಯಪ್‌ಗಳು ಫೋನ್ ಆಗ ಇರುವ ವೈಫೈ ಹೆಸರನ್ನೇ ಪ್ರಿಂಟರಿಗೆ ದಾಟಿಸುವುದರಿಂದ, ಆ ಹೊತ್ತಿಗೆ ಫೋನನ್ನು 2.4ರಲ್ಲಿಡಬೇಕಾಗುತ್ತದೆ. ಇಲ್ಲಿ ಪಾಸ್‌ವರ್ಡ್ ಬದಲಾದ್ದರಿಂದ ನಾವೂ ಹಾಗೆಯೇ ಮಾಡಿದೆವು.

ಫೋನಿನಿಂದ ಬರುತ್ತದೆ, ಲ್ಯಾಪ್‌ಟಾಪಿನಿಂದ ಬರುವುದಿಲ್ಲ

ವೈಫೈ ದೀಪ ಸ್ಥಿರವಾದ ಮೇಲೆ ಆಂಡ್ರಾಯ್ಡ್ ಫೋನಿನಿಂದ ಕಳಿಸಿದ ಹಾಳೆ ತಕ್ಷಣ ಮುದ್ರಣವಾಯಿತು. ಲ್ಯಾಪ್‌ಟಾಪ್ ಮಾತ್ರ ‘ಆಫ್‌ಲೈನ್’ ಎನ್ನುತ್ತಲೇ ಇತ್ತು. ಮನೆಯವರಿಗೆ ಇದು ಹಳೆಯ ತೊಂದರೆಯೇ ಮುಂದುವರಿದಂತೆ ಕಂಡಿತು. ವಾಸ್ತವದಲ್ಲಿ ತನಿಖೆಯ ಅರ್ಧ ದಾರಿ ಸವೆದಿತ್ತು: ಪ್ರಿಂಟರ್ ಜಾಲದಲ್ಲಿದೆ, ಜಾಲದ ಉಪಕರಣಗಳು ಒಂದನ್ನೊಂದು ಮುಟ್ಟಬಲ್ಲವು, ಉಳಿದ ದೋಷ ಲ್ಯಾಪ್‌ಟಾಪಿನೊಳಗಿದೆ. ಫೋನಿನಿಂದಲೂ ಬರದಿದ್ದರೆ, ಪ್ರಿಂಟರ್ ಅಥವಾ ಫೋನ್ ಅತಿಥಿಗಳ ವೈಫೈಗೆ ಸೇರಿದೆಯೇ, ಉಪಕರಣಗಳನ್ನು ಒಂದರಿಂದೊಂದು ದೂರವಿಡುವ ಸೆಟ್ಟಿಂಗ್ ಪೆಟ್ಟಿಗೆಯಲ್ಲಿ ಚಾಲೂ ಇದೆಯೇ ಎಂದು ನೋಡಬೇಕಿತ್ತು.

ಫೋನು ಪ್ರಿಂಟರನ್ನು ಹುಡುಕುವ ಬಗೆ ಬೇರೆ. ಪ್ರತಿಸಲವೂ ಅದು ‘ಇಲ್ಲಿ ಮುದ್ರಿಸುವವರು ಯಾರಿದ್ದೀರಿ’ ಎಂದು 224.0.0.251 ಎಂಬ ಗುಂಪು ವಿಳಾಸಕ್ಕೆ, 5353ನೇ ಪೋರ್ಟಿನಲ್ಲಿ ಕೇಳುತ್ತದೆ. ಪ್ರಿಂಟರ್ ತನ್ನ ಹೆಸರು ಮತ್ತು ಈಗಿನ ವಿಳಾಸವನ್ನು ಹೇಳುತ್ತದೆ. ವಿಳಾಸ ಬದಲಾಗಿದ್ದರೂ ಫೋನಿಗೆ ಹೊಸದೇ ಸಿಗುತ್ತದೆ. ಈ ಲ್ಯಾಪ್‌ಟಾಪಿನಲ್ಲಿ ಮೊದಲ ಸಲ ಪ್ರಿಂಟರ್ ಹಾಕಿದವರು ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್ ಎಂಬ ವಿಧಾನ ಬಳಸಿದ್ದರು. ಅದು ಬರೆದಿಟ್ಟ ವಿಳಾಸಕ್ಕೆ ಮಾತ್ರ ಕಡತ ಕಳಿಸುತ್ತದೆ, ಯಾರನ್ನೂ ವಿಚಾರಿಸುವುದಿಲ್ಲ.

ವಿಂಡೋಸ್ 11ರ ಪ್ರಿಂಟರ್ ಪ್ರಾಪರ್ಟೀಸ್ ತೆರೆದು ಪೋರ್ಟ್ಸ್ ಎಂಬ ಪುಟಕ್ಕೆ ಹೋದಾಗ ಗುರುತು ಬಿದ್ದಿದ್ದ ಸಾಲಿನಲ್ಲಿ 192.168.1.35 ಎಂದಿತ್ತು. ಹೊಸ ನೆಟ್‌ವರ್ಕ್ ವರದಿಯ ಹಾಳೆಯಲ್ಲಿ ಪ್ರಿಂಟರಿನ ವಿಳಾಸ 192.168.100.7. ಎರಡು ಸಂಖ್ಯೆಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಬೇರೆ ವಿವರಣೆಯೇ ಬೇಡ. ಹಳೆಯ ರೂಟರ್ 192.168.1ರ ಸರಣಿಯಲ್ಲಿ ವಿಳಾಸ ಹಂಚುತ್ತಿತ್ತು; ಹೊಸ ಪೆಟ್ಟಿಗೆಯ ಸರಣಿ 192.168.100. ವೈಫೈ ಹೆಸರು ಅದೇ ಉಳಿದಿದ್ದರಿಂದ ಮನೆಯವರಿಗೆ ಜಾಲ ಬದಲಾಗಿದೆ ಎಂಬುದೇ ತಿಳಿದಿರಲಿಲ್ಲ. ಕಮಾಂಡ್ ಪ್ರಾಂಪ್ಟಿನಲ್ಲಿ ಹಳೆಯ ವಿಳಾಸಕ್ಕೆ ಪಿಂಗ್ ಮಾಡಿದರೆ (‘ಅಲ್ಲಿದ್ದೀಯಾ’ ಎಂದು ಕೇಳುವ ಆಜ್ಞೆ) ಉತ್ತರವಿಲ್ಲ, ಹೊಸದಕ್ಕೆ ತಕ್ಷಣ ಉತ್ತರ.

ಅದೇ ಪುಟದ ಕಾನ್ಫಿಗರ್ ಪೋರ್ಟ್ ಒತ್ತಿ ವಿಳಾಸವನ್ನು ತಿದ್ದಿದೆವು. ಆದರೂ ಮುದ್ರಣ ಹೊರಡಲಿಲ್ಲ, ಏಕೆಂದರೆ ಸಾಲಿನಲ್ಲಿ ಹಳೆಯ ಕಡತಗಳು ಸಿಕ್ಕಿಕೊಂಡಿದ್ದವು ಮತ್ತು ಅವುಗಳಲ್ಲಿ ಮೊದಲನೆಯದು ಅಳಿಸಲೂ ಒಪ್ಪುತ್ತಿರಲಿಲ್ಲ. ವಿಂಡೋಸಿನ ಸರ್ವಿಸಸ್‌ನಲ್ಲಿ, ಮುದ್ರಣದ ಸಾಲನ್ನು ನೋಡಿಕೊಳ್ಳುವ ಪ್ರಿಂಟ್ ಸ್ಪೂಲರನ್ನು ನಿಲ್ಲಿಸಿ, ವಿಂಡೋಸ್‌ನ ಸಿಸ್ಟಂ32 ಫೋಲ್ಡರಿನೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬಲ್ಲಿದ್ದ ಕಡತಗಳನ್ನು ತೆಗೆದು, ಸ್ಪೂಲರನ್ನು ಮತ್ತೆ ಶುರುಮಾಡಿದ ಮೇಲೆ ಅಭ್ಯಾಸದ ಹಾಳೆ ಹೊರಬಂತು. ಅಳಿಸಬೇಕಾದ್ದು ಆ ಫೋಲ್ಡರಿನ ಒಳಗಿನ ಕಡತಗಳನ್ನು ಮಾತ್ರ, ಫೋಲ್ಡರನ್ನಲ್ಲ. ಡ್ರೈವರನ್ನು ಮುಟ್ಟುವ ಅಗತ್ಯ ಕೊನೆಯವರೆಗೂ ಬರಲಿಲ್ಲ.

ಇದೇ ಲಕ್ಷಣಕ್ಕೆ ಇನ್ನೊಂದು ಕಾರಣವೂ ಇರುತ್ತದೆಂದು ಹೇಳಿಬಿಡುತ್ತೇನೆ. ಪೋರ್ಟಿನ ಸೆಟ್ಟಿಂಗಿನಲ್ಲಿ ಪ್ರಿಂಟರಿನ ಸ್ಥಿತಿಯನ್ನು ವಿಚಾರಿಸುವ ಎಸ್‌ಎನ್‌ಎಂಪಿ ಸ್ಟೇಟಸ್ ಎಂಬ ಆಯ್ಕೆಯಿದೆ. ಅದು ಚಾಲೂ ಇದ್ದು ಪ್ರಿಂಟರ್ ಆ ವಿಚಾರಣೆಗೆ ಉತ್ತರ ಕೊಡದಿದ್ದರೆ, ವಿಳಾಸ ಸರಿಯಿದ್ದರೂ ವಿಂಡೋಸ್ ಅದನ್ನು ಆಫ್‌ಲೈನ್ ಎಂದು ತೋರಿಸಬಹುದು. ಇಲ್ಲಿ ಅದನ್ನು ಬದಲಿಸಬೇಕಾಗಲಿಲ್ಲ.

ಗುಡುಗಿನ ಸಂಜೆಗಳು

ಕೆಲವು ದಿನ ಎಲ್ಲವೂ ಸರಿಯಿತ್ತು. ನಂತರ ಮತ್ತೆ ಅದೇ ದೂರು ಬಂತು: ಫೋನಿನಿಂದ ಮುದ್ರಣವಾಗುತ್ತದೆ, ಲ್ಯಾಪ್‌ಟಾಪ್ ಆಫ್‌ಲೈನ್ ಎನ್ನುತ್ತದೆ. ಈ ಸಲ ಲ್ಯಾಪ್‌ಟಾಪಿನಿಂದ 192.168.100.7ಕ್ಕೆ ಪಿಂಗ್ ಮಾಡಿದರೆ ಉತ್ತರ ಬರುತ್ತಿತ್ತು. ಪಿಂಗಿಗೆ ಉತ್ತರ ಬಂದರೆ ಪ್ರಿಂಟರ್ ಅಲ್ಲೇ ಇದೆ ಎಂದು ಬಹಳ ಮಂದಿ ತೀರ್ಮಾನಿಸುತ್ತಾರೆ. ಆ ಉತ್ತರ ಹೇಳುವುದು ಆ ವಿಳಾಸದಲ್ಲಿ ಯಾರೋ ಇದ್ದಾರೆ ಎಂದಷ್ಟೇ, ಯಾರೆಂದು ಹೇಳುವುದಿಲ್ಲ.

ಯಾರೆಂದು ತಿಳಿಯಲು ಮ್ಯಾಕ್ ವಿಳಾಸವನ್ನು ನೋಡಬೇಕು. ಪ್ರತಿ ಪ್ರಿಂಟರಿನ ವೈಫೈ ಭಾಗಕ್ಕೆ ತಯಾರಿಕೆಯಲ್ಲೇ ಕೊಟ್ಟ, ಎರಡೆರಡು ಅಕ್ಷರಗಳ ಆರು ಜೋಡಿಯ ಗುರುತು ಅದು. ನೆಟ್‌ವರ್ಕ್ ವರದಿಯಲ್ಲಿ ಅಚ್ಚಾಗಿರುತ್ತದೆ. ಲ್ಯಾಪ್‌ಟಾಪಿನಲ್ಲಿ ಎಆರ್‌ಪಿ ಪಟ್ಟಿಯನ್ನು (ಯಾವ ಐಪಿ ವಿಳಾಸ ಯಾವ ಮ್ಯಾಕ್ ವಿಳಾಸದ್ದು ಎಂಬ ಪಟ್ಟಿ) ತೆಗೆದು 192.168.100.7ರ ಎದುರಿನ ಗುರುತನ್ನು ಹಾಳೆಯಲ್ಲಿದ್ದುದರ ಜೊತೆ ಜೋಡಿಜೋಡಿಯಾಗಿ ಹೋಲಿಸಿದಾಗ ಮೊದಲ ಜೋಡಿಯೇ ಬೇರೆಯಾಗಿತ್ತು. ಪೆಟ್ಟಿಗೆಯ ನಿರ್ವಹಣಾ ಪುಟದಲ್ಲಿ ಸೇರಿಕೊಂಡ ಉಪಕರಣಗಳ ಪಟ್ಟಿ ನೋಡಿದರೆ ಆ ವಿಳಾಸ ಈಗ ಟಿವಿಯದು. ಪ್ರಿಂಟರ್ 192.168.100.4ಕ್ಕೆ ಹೋಗಿತ್ತು. ಲ್ಯಾಪ್‌ಟಾಪ್ ಗಣಿತದ ಹಾಳೆಗಳನ್ನು ನಿಷ್ಠೆಯಿಂದ ಟಿವಿಯ ವಿಳಾಸಕ್ಕೆ ಕಳಿಸುತ್ತಿತ್ತು, ಟಿವಿಗೆ ಅವನ್ನು ಪಡೆದುಕೊಳ್ಳುವ ಬಾಗಿಲೇ ಇರಲಿಲ್ಲ.

ಏಕೆ ಹೀಗಾಯಿತೆಂಬುದು ಆ ಊರಿನ ರೂಢಿಯಲ್ಲೇ ಇತ್ತು. ಸಿಡಿಲಿಗೆ ಒಮ್ಮೆ ರೂಟರ್ ಕಳೆದುಕೊಂಡ ಮನೆಯವರು, ಗುಡುಗು ಕೇಳಿಸಿದೊಡನೆ ಪೆಟ್ಟಿಗೆ, ಟಿವಿ, ಪ್ರಿಂಟರ್ ಎಲ್ಲದರ ಪ್ಲಗ್ ಕಿತ್ತಿಡುತ್ತಿದ್ದರು. ಅದು ಸರಿಯಾದ ಅಭ್ಯಾಸ, ಬಿಡಬೇಕಾದ್ದಲ್ಲ. ಆದರೆ ವೈಫೈ ಪೆಟ್ಟಿಗೆ ವಿಳಾಸವನ್ನು ಶಾಶ್ವತವಾಗಿ ಕೊಡುವುದಿಲ್ಲ, ಅವಧಿಗೆ ಬಾಡಿಗೆ ಕೊಟ್ಟಂತೆ ಕೊಡುತ್ತದೆ; ಈ ಪೆಟ್ಟಿಗೆಯಲ್ಲಿ ಅವಧಿ 24 ಗಂಟೆ. ಉಪಕರಣ ಚಾಲೂ ಇದ್ದರೆ ಅವಧಿಯ ಅರ್ಧಕ್ಕೇ ನವೀಕರಣ ಕೇಳಿ ಅದೇ ವಿಳಾಸವನ್ನು ಉಳಿಸಿಕೊಳ್ಳುತ್ತದೆ. ಪ್ಲಗ್ ಕಿತ್ತಾಗ ಈ ಪೆಟ್ಟಿಗೆ ಯಾರಿಗೆ ಯಾವುದನ್ನು ಕೊಟ್ಟಿದ್ದೆ ಎಂಬ ಪಟ್ಟಿಯನ್ನೇ ಮರೆಯುತ್ತಿತ್ತು. ಮಳೆ ನಿಂತ ಮೇಲೆ ಮೊದಲು ಟಿವಿ ಹೊತ್ತುತ್ತದೆ, ಪ್ರಿಂಟರಿನ ನೆನಪಾಗುವುದು ಮರುದಿನ ಟ್ಯೂಷನ್ ಹೊತ್ತಿಗೆ. ಕೇಳಿದ ಕ್ರಮದಲ್ಲಿ ವಿಳಾಸಗಳು ಹಂಚಿಹೋಗುತ್ತಿದ್ದವು.

ಇದಕ್ಕೆ ಪರಿಹಾರ ವಿಳಾಸವನ್ನು ಕಾದಿರಿಸುವುದು. ಪೆಟ್ಟಿಗೆಯ ಡಿಎಚ್‌ಸಿಪಿ (ವಿಳಾಸ ಹಂಚುವ ವ್ಯವಸ್ಥೆ) ಪುಟದಲ್ಲಿ ಪ್ರಿಂಟರಿನ ಮ್ಯಾಕ್ ವಿಳಾಸವನ್ನು ಬರೆದು, ಅದಕ್ಕೆ 192.168.100.50 ಮಾತ್ರ ಸಲ್ಲಬೇಕು ಎಂದು ನಮೂದಿಸಿದೆವು. ಆ ನಮೂದು ಪೆಟ್ಟಿಗೆಯ ಸ್ಥಿರ ನೆನಪಿನಲ್ಲಿ ಉಳಿಯುವುದರಿಂದ ಪ್ಲಗ್ ಕಿತ್ತರೂ ಅಳಿಯುವುದಿಲ್ಲ. ಲ್ಯಾಪ್‌ಟಾಪಿನ ಪೋರ್ಟಿನಲ್ಲೂ ಅದೇ ವಿಳಾಸ ಬರೆದೆವು. ಪ್ರಿಂಟರಿನೊಳಗೇ ಸ್ಥಿರ ವಿಳಾಸ ಬರೆಯುವ ದಾರಿಯೂ ಇದೆ, ಅನೇಕರು ಅದನ್ನೇ ಸೂಚಿಸುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಪೆಟ್ಟಿಗೆಗೆ ಗೊತ್ತಿಲ್ಲದಂತೆ ಪ್ರಿಂಟರ್ ಒಂದು ವಿಳಾಸ ಹಿಡಿದು ಕುಳಿತರೆ, ಪೆಟ್ಟಿಗೆ ಅದನ್ನೇ ಬೇರೊಬ್ಬರಿಗೆ ಕೊಡುವ ಸಾಧ್ಯತೆ ಉಳಿಯುತ್ತದೆ. ಇನ್ನೊಂದು ಸಿಡಿಲಿಗೆ ಈ ಪೆಟ್ಟಿಗೆಯೂ ಹೋಗಿ ಬೇರೆ ಸರಣಿಯ ಪೆಟ್ಟಿಗೆ ಬಂದರೆ ಪ್ರಿಂಟರ್ ಹಳೆಯ ಸರಣಿಯಲ್ಲೇ ಒಂಟಿಯಾಗಿ ಉಳಿಯುತ್ತದೆ. ಆಗ ಫೋನಿನಿಂದಲೂ ಮುದ್ರಣವಾಗುವುದಿಲ್ಲ.

ನಮೂದು ಹಾಕಿದ ಬಳಿಕ ಪೆಟ್ಟಿಗೆ, ಟಿವಿ, ಪ್ರಿಂಟರ್ ಮೂರರ ಪ್ಲಗ್ಗನ್ನೂ ಬೇಕೆಂದೇ ಕಿತ್ತು, ಟಿವಿಯನ್ನು ಮೊದಲು ಹೊತ್ತಿಸಿ, ಪ್ರಿಂಟರನ್ನು ಕೊನೆಗೆ ಹೊತ್ತಿಸಿ ನೋಡಿದೆವು. ವರದಿಯ ಹಾಳೆಯಲ್ಲಿ 192.168.100.50 ಎಂದೇ ಬಂತು.

ಮಗನ ಲ್ಯಾಪ್‌ಟಾಪ್

ಒಂದು ಭಾಗ ಮಾತ್ರ ಬಗೆಹರಿಯಲಿಲ್ಲ. ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ಮಗ ಊರಿಗೆ ಬಂದಾಗ ಕಚೇರಿಯ ಲ್ಯಾಪ್‌ಟಾಪಿನಿಂದ ಮುದ್ರಿಸಲು ನೋಡಿದರೆ ಪ್ರಿಂಟರ್ ಕಾಣಿಸುವುದಿಲ್ಲ. ವಿಪಿಎನ್ (ಕಚೇರಿಯ ಜಾಲಕ್ಕೆ ಇಂಟರ್ನೆಟ್ ಮೂಲಕ ಸೇರಿಸುವ ಸುರಕ್ಷಿತ ಸಂಪರ್ಕ) ಕಡಿದಾಗ ಕಾಣುತ್ತದೆ, ಜೋಡಿಸಿದೊಡನೆ ಮಾಯವಾಗುತ್ತದೆ. ಆ ವಿಪಿಎನ್ ಲ್ಯಾಪ್‌ಟಾಪಿನಿಂದ ಹೊರಡುವ ಎಲ್ಲವನ್ನೂ ಕಚೇರಿಯ ಕಡೆಗೇ ಕಳಿಸುತ್ತದೆ. ಪಕ್ಕದ ಕೋಣೆಯ ಪ್ರಿಂಟರಿನ ವಿಳಾಸವನ್ನೂ ಅದು ಕಚೇರಿಯ ಜಾಲದಲ್ಲಿ ಹುಡುಕುತ್ತದೆ. ಇದು ದೋಷವಲ್ಲ, ಕಂಪನಿ ಬೇಕೆಂದೇ ಇಟ್ಟ ನಿಯಮ. ಅದನ್ನು ಬದಲಿಸುವ ಅಧಿಕಾರ ಕಂಪನಿಯ ಐಟಿ ವಿಭಾಗಕ್ಕಷ್ಟೇ ಇದೆ. ಮನೆಯಲ್ಲಿ ಕುಳಿತು ಅದನ್ನು ದಾಟಲು ಹೋಗುವುದು ಸರಿಯೂ ಅಲ್ಲ. ಕಚೇರಿಯ ಕಾಗದವಾದರೆ ಅನುಮತಿ ಕೇಳುವುದು, ತನ್ನ ಸ್ವಂತ ಕಾಗದವಾದರೆ ಫೋನಿನಿಂದ ಮುದ್ರಿಸುವುದು ಎಂದು ಅವರು ತೀರ್ಮಾನಿಸಿದರು.

ನೆಟ್‌ವರ್ಕ್ ವರದಿಯ ಕೊನೆಯ ಹಾಳೆಯನ್ನು ಮನೆಯಾಕೆ ಪ್ಲಾಸ್ಟಿಕ್ ಹೊದಿಕೆಯೊಳಗಿಟ್ಟು ಪ್ರಿಂಟರಿನ ಕೆಳಗೆ ಇರಿಸಿದ್ದಾರೆ. ಅದರ ಹಿಂಬದಿಯಲ್ಲಿ ಕಾದಿರಿಸಿದ ವಿಳಾಸ, ಮ್ಯಾಕ್ ವಿಳಾಸ ಮತ್ತು 2.4 ಗಿಗಾಹರ್ಟ್ಸ್‌ಗೆ ಡಬ್ಲ್ಯುಪಿಎ2 ಇರಬೇಕೆಂಬ ಸೂಚನೆಯನ್ನು ಬರೆದಿದ್ದಾರೆ. ಮುಂದೆ ಪೆಟ್ಟಿಗೆ ಬದಲಾಯಿಸಲು ಯಾರು ಬಂದರೂ ಆ ಹಾಳೆಯನ್ನು ಅವರ ಕೈಗೆ ಕೊಡಬೇಕು ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದಾರೆ.